ಪ್ಲಾಸ್ಟಿಕ್ ಮನಿಗೆ ಬೆಳಕಿಂಡಿ ಎಲ್ಲಿ?

ಹಿತ್ತಲದಾಗ ಬೇಯುತಿದೆ ದುಡಿದ ರೊಕ್ಕ

ಸವದತ್ತಿ: ಏಪ್ರಿಲ್ ತಿಂಗಳ ಮಧ್ಯಾಹ್ನ. ಧಾರವಾಡದ ಬಸ್ಸು ಬಿಸಿಲಲ್ಲಿ ನಿಂತು ಒಂದು ತಾಸಾಗಿದೆ. ಕಿಟಕಿಗಳೆಲ್ಲ ಮುಚ್ಚಿವೆ. ಮೊದಲು ಹತ್ತಿದ ಪ್ರಯಾಣಿಕ ಸೀಟಿನ ಮೇಲೆ ಟವೆಲ್ ಹಾಕುವುದಕ್ಕೂ ಮುಂಚೆ ಏನು ಮಾಡುತ್ತಾನೆ? ಕಿಟಕಿ ಸರಿಸುತ್ತಾನೆ. ಹಿಂದಿನಿಂದ ಹತ್ತಿದ ಮುದುಕ ಸುಮ್ಮನಿರುವುದಿಲ್ಲ. "ಏ ತಮ್ಮಾ, ಆ ಕಡೀದೂ ತಗಿಯೋ, ಗಾಳಿ ಆಡ್ಲಿ" ಅನ್ನುತ್ತಾನೆ. ಒಂದೇ ಬದಿ ತೆಗೆದರೆ ಗಾಳಿ ಬರುವುದಿಲ್ಲ, ಎರಡೂ ಬದಿ ತೆಗೆಯಬೇಕು ಎಂಬ ವಿದ್ಯೆಯನ್ನು ಆ ಮುದುಕನಿಗೆ ಯಾವ ಕಾಲೇಜೂ ಕಲಿಸಿಲ್ಲ. ಬಸ್ಸೇ ಕಲಿಸಿದೆ.

ಆದರೆ ಇದೇ ವಿದ್ಯೆ ಹಿತ್ತಲಿಗೆ ಹೋದ ಕೂಡಲೇ ಮರೆತು ಹೋಗುತ್ತದೆ. ಅದೇ ದೊಡ್ಡ ಸೋಜಿಗ.

ಹಿತ್ತಲದ ಹೊಸ ಮನಿ

ಈಗೀಗ ಹಳ್ಳಿಯ ಹೊಲದಲ್ಲಷ್ಟೇ ಅಲ್ಲ, ಊರೊಳಗಿನ ಹಿತ್ತಲಲ್ಲೂ ಪ್ಲಾಸ್ಟಿಕ್ ಮನೆ ಕಟ್ಟುವ ಹವ್ಯಾಸ ಬಂದಿದೆ. ನಾಲ್ಕು ಕಬ್ಬಿಣದ ಪೈಪು ಇಲ್ಲವೇ ಬಿದಿರಿನ ಗಳ ಬಗ್ಗಿಸಿ ಕಮಾನು ಮಾಡಿ, ಮೇಲೆ ಬಿಳಿ ಹಾಳೆ ಹೊದಿಸಿದರೆ ಒಂದು ಸುರಂಗ ತಯಾರು. ದೊಡ್ಡದಾಗಿ ಕಟ್ಟಿದರೆ ಪಾಲಿಹೌಸು, ಸಣ್ಣದಾಗಿ ಕಟ್ಟಿದರೆ ಪಾಲಿ ಸುರಂಗ. ಒಳಗೆ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಮೆಣಸಿನ ಅಗಿ, ಟೊಮೆಟೊ ಅಗಿ, ಬದನಿ ಅಗಿ ಎಬ್ಬಿಸುವವರಿದ್ದಾರೆ. ಒಂದಿಷ್ಟು ದೊಣ್ಣ ಮೆಣಸಿನಕಾಯಿ, ಸೌತಿಕಾಯಿ, ಕೊತ್ತಂಬರಿ ಬೆಳೆದು ಸಂತೆಗೆ ಹಾಕುವವರೂ ಇದ್ದಾರೆ.

ವಿಚಾರ ಒಳ್ಳೆಯದೇ. ಜೋರು ಮಳೆಗೆ ಎಳೆ ಸಸಿ ನೆಲಕ್ಕೆ ಬೀಳುವುದಿಲ್ಲ. ಬಿಳಿ ನೊಣ ತರುವ ಎಲೆ ಮುಟುರು ರೋಗದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಹಕ್ಕಿ, ಕೋಳಿ, ಆಡಿನ ಕಾಟ ತಪ್ಪುತ್ತದೆ. ಹೈಬ್ರಿಡ್ ಬೀಜವನ್ನು ಈಗ ಸೇರಿನ ಲೆಕ್ಕ ಬಿಟ್ಟು ಕಾಳು ಎಣಿಸಿ ಮಾರುವ ಕಾಲ. ಒಂದೊಂದು ಕಾಳಿಗೂ ಬೆಲೆ ಇರುವಾಗ ಅದಕ್ಕೊಂದು ಸೂರು ಬೇಕೆಂದು ಯಾರಿಗಾದರೂ ಅನಿಸುವುದು ಸಹಜ.

ಹೀಗೊಬ್ಬ ಗೃಹಸ್ಥನಿದ್ದಾನೆ ಎಂದಿಟ್ಟುಕೊಳ್ಳಿ. ಧಾರವಾಡದಲ್ಲಿ ನೌಕರಿ, ಸವದತ್ತಿಯಲ್ಲಿ ಮನೆ. ಹಿತ್ತಲಲ್ಲಿ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಪ್ಲಾಸ್ಟಿಕ್ ಸುರಂಗ. ಬೆಳಗಿನ ಬಸ್ಸಿಗೆ ಹೊರಡುವಾಗ ಒಂದು ಹಣಿಕೆ ಹಾಕಿ, ನೀರು ಚಿಮುಕಿಸಿ, "ಬೆಕ್ಕು ಹೊಕ್ಕೀತು" ಎಂದು ಬಾಗಿಲು ಬಿಗಿದು ಹೋಗುತ್ತಾನೆ. ಸಂಜೆ ಮರಳಿ ಬಂದು ನೋಡುತ್ತಾನೆ. ಬೆಳಿಗ್ಗೆ ನೆಟ್ಟಗೆ ನಿಂತಿದ್ದ ಅಗಿ ಸಂಜೆಗೆ ಕುದಿಸಿದ ಸೊಪ್ಪಿನಂತೆ ಮಲಗಿರುತ್ತದೆ. "ಬೀಜ ಖೊಟ್ಟಿ ಇತ್ತು" ಅನ್ನುತ್ತಾನೆ. "ಅಂಗಡಿಯಂವ ಮೋಸ ಮಾಡಿದ" ಅನ್ನುತ್ತಾನೆ. ಬೀಜದ್ದೂ ತಪ್ಪಿಲ್ಲ, ಅಂಗಡಿಯವನದೂ ತಪ್ಪಿಲ್ಲ. ಬಾಗಿಲ ಚಿಲಕ ಹಾಕಿದ್ದೇ ತಪ್ಪು.

ಹನ್ನೆರಡು ಒಲೆ ಹಚ್ಚಿದ ಲೆಕ್ಕ

ಈ ಸುರಂಗದೊಳಗೆ ನಡುಹಗಲಲ್ಲಿ ಎಷ್ಟು ಶಾಖ ಬೀಳುತ್ತದೆ? ಲೆಕ್ಕ ಕಷ್ಟವಿಲ್ಲ. ಹತ್ತು ಅಡಿಗೆ ಇಪ್ಪತ್ತು ಅಡಿ ಎಂದರೆ 200 ಚದರ ಅಡಿ, ಸುಮಾರು 18 ಚದರ ಮೀಟರ್. ಬೇಸಿಗೆಯ ನೆತ್ತಿಯ ಸೂರ್ಯ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ ಸಾವಿರ ವ್ಯಾಟ್ ಶಾಖ ಸುರಿಯುತ್ತಾನೆ. ಹಾಳೆ ತಡೆದದ್ದನ್ನು ಕಳೆದರೂ ಒಳಗೆ ಹನ್ನೆರಡು ಸಾವಿರ ವ್ಯಾಟ್ ಉಳಿಯುತ್ತದೆ. ಅಂದರೆ ಸಾವಿರ ವ್ಯಾಟಿನ ಕಾಯಿಲ್ ಒಲೆ ಹನ್ನೆರಡು ಹಚ್ಚಿ ಬಾಗಿಲು ಮುಚ್ಚಿದ ಹಾಗೆ. ಸಸಿ ಬಾಡದೆ ಏನು ಮಾಡೀತು?

ಹೊರಗೆ 36 ಡಿಗ್ರಿ ಇದ್ದ ದಿನ ಮುಚ್ಚಿದ ಸುರಂಗದೊಳಗೆ 50 ದಾಟುವುದು ಏನೂ ದೊಡ್ಡ ಮಾತಲ್ಲ. ಸವದತ್ತಿ ಸೀಮೆಯಲ್ಲಿ ಮಾರ್ಚ್‌ನಿಂದ ಮೇವರೆಗೆ 36ಕ್ಕಿಂತ ಹೆಚ್ಚಿನ ದಿನಗಳಿಗೇನು ಕೊರತೆ ಇಲ್ಲ.

ಈ ಸಂಗತಿ ಜಗತ್ತಿಗೆ ತಿಳಿದು ಇನ್ನೂರೈವತ್ತು ವರ್ಷ ಮೀರಿತು. 1767ರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿ ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಇಟ್ಟು ಬಿಸಿಲಿಗೆ ಹಿಡಿದ. ಒಳಗಿನ ಪೆಟ್ಟಿಗೆಯ ಬಿಸಿ ನೀರು ಕುದಿಯುವ ಮಟ್ಟದ ಸಮೀಪಕ್ಕೆ ಹೋಯಿತು. ಅದೂ ತಂಪು ದೇಶದಲ್ಲಿ!

ಇದಕ್ಕಿಂತ ಉಪಯೋಗದ ಪಾಠ 1909ರದು. ಅಮೆರಿಕದ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ ಎರಡು ಕಪ್ಪು ಪೆಟ್ಟಿಗೆ ತೆಗೆದುಕೊಂಡ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆಯ ಮುಚ್ಚಳ. ಗಾಜು ಒಳಗಿನ ಶಾಖ ಕಿರಣವನ್ನು ಹೊರಗೆ ಬಿಡುವುದಿಲ್ಲ, ಕಲ್ಲುಪ್ಪು ಬಿಡುತ್ತದೆ. ಆದರೂ ಎರಡೂ ಪೆಟ್ಟಿಗೆ ಹೆಚ್ಚುಕಡಿಮೆ ಒಂದೇ ಸಮ ಕಾದವು. ಅಂದರೆ ಮುಖ್ಯ ಕಾರಣ ಮುಚ್ಚಳದ ಜಾತಿಯಲ್ಲ, ಒಳಗೆ ಸಿಕ್ಕಿಬಿದ್ದ ಗಾಳಿ. ಕಾದ ಗಾಳಿ ಮೇಲೇರಿ ಹೊರಗೆ ಹೋಗಲು ದಾರಿ ಇಲ್ಲದ್ದೇ ಬಿಸಿಯ ಗುಟ್ಟು.

ಹಾಗಾದರೆ ಪರಿಹಾರ ಯಾವುದು? ದುಬಾರಿ ಹಾಳೆ ತಂದರೆ ಸಾಲದು. ಗಾಳಿಗೆ ದಾರಿ ಬಿಡಬೇಕು.

ತಂಪು ದೇಶದ ಅಂಗಿ

ಪ್ಲಾಸ್ಟಿಕ್ ಮನೆಯ ಮೂಲ ಹುಡುಕಿದರೆ ಇನ್ನೊಂದು ಮಾತು ತಿಳಿಯುತ್ತದೆ. ಪಾಲಿಥಿನ್ ಎಂಬ ವಸ್ತು ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ 1933ರಲ್ಲಿ ಕೈಗೆ ಬಂತು. 1948ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮರ್ಟ್ ಎಂಬ ತೋಟಗಾರಿಕೆ ಪ್ರಾಧ್ಯಾಪಕ, ಗಾಜಿನ ಮನೆ ದುಬಾರಿಯಾಗುತ್ತದೆಂದು ತೆಳು ಹಾಳೆ ಹೊದಿಸಿ ಸಸ್ಯದ ಮನೆ ಕಟ್ಟಿ ತೋರಿಸಿದ. ಅಲ್ಲಿಯ ಚಿಂತೆ ಚಳಿ. ಹಿಮದಲ್ಲಿ ಸಸಿಯನ್ನು ಬೆಚ್ಚಗಿಡುವುದೇ ಅವರ ಉದ್ದೇಶ. ಅದಕ್ಕೇ ಮುಚ್ಚುವುದು ಅವರಿಗೆ ಮೊದಲು, ತೆರೆಯುವುದು ಆಮೇಲೆ.

ಮಲಪ್ರಭೆಯ ದಂಡೆಯ ಕಥೆಯೇ ಬೇರೆ. ಇಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರ್, ಜನೆವರಿಯ ನಾಲ್ಕು ದಿನ ಬಿಟ್ಟರೆ ಬೆಚ್ಚಗಿಡುವ ಅವಶ್ಯಕತೆಯೇ ಇಲ್ಲ. ಇಲ್ಲಿ ಪ್ಲಾಸ್ಟಿಕ್ ಹಾಳೆ ಬೇಕಾಗಿರುವುದು ಕೊಡೆಯ ಹಾಗೆ, ಮಳೆ ತಡೆಯಲು. ಕಂಬಳಿಯ ಹಾಗೆ ಹೊದ್ದುಕೊಳ್ಳಲು ಅಲ್ಲ. ಮೇ ತಿಂಗಳಲ್ಲಿ ಕಂಬಳಿ ಹೊದ್ದು ಮಲಗುವವನನ್ನು ಕಂಡರೆ ಊರು ನಗುತ್ತದೆ. ಸಸಿಗೆ ಹೊದಿಸಿದರೆ ಮಾತ್ರ ಯಾರೂ ನಗುವುದಿಲ್ಲ!

ಇನ್ನೂ ಒಂದು ತೊಡಕಿದೆ. ಮುಂಗಾರಿನ ನಾಟಿಗೆ ಮೆಣಸಿನ ಅಗಿ ಬೇಕಾದರೆ ಮೇ ತಿಂಗಳಲ್ಲೇ ಬೀಜ ಹಾಕಬೇಕು. ಅಗಿ ಕೈಗೆ ಬರಲು ಐದಾರು ವಾರ ಬೇಕು. ಅಂದರೆ ವರ್ಷದ ಅತಿ ಕೆಟ್ಟ ಬಿಸಿಲಿನಲ್ಲೇ ಅತಿ ಎಳೆಯ ಸಸಿ ಆ ಹಾಳೆಯ ಕೆಳಗೆ ಇರುತ್ತದೆ. ಒಂದು ಮಧ್ಯಾಹ್ನ ತಪ್ಪಿದರೆ ಒಂದು ಹಂಗಾಮು ತಪ್ಪಿದಂತೆ. ಮರಳಿ ಬೀಜ ಹಾಕಿದರೆ ನಾಟಿ ತಡ, ಫಸಲು ತಡ, ರೇಟು ಇಳಿದ ಮೇಲೆ ಪೇಟೆಗೆ ಹೋಗುವ ಪಾಳಿ.

ಅಜ್ಜ ಕಟ್ಟಿದ ಮನಿ ನೋಡ್ರಿ

ಈ ಸೀಮೆಯ ಹಳೆಯ ಮ್ಯಾಳಿಗಿ ಮನೆಗಳನ್ನು ಕಂಡವರಿಗೆ ಬೆಳಕಿಂಡಿ ಗೊತ್ತು. ದಪ್ಪ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಮೇಲೊಂದು ಕಿಂಡಿ. ಹೆಸರು ಬೆಳಕಿಂಡಿ ಆದರೂ ಅದರ ಕೆಲಸ ಬೆಳಕು ತರುವುದಷ್ಟೇ ಆಗಿರಲಿಲ್ಲ. ಒಲೆಯ ಹೊಗೆ, ಕಾದ ಗಾಳಿ ಅದರಿಂದಲೇ ಹೊರಗೆ ಹೋಗುತ್ತಿತ್ತು. ಕೆಳಗೆ ಬಾಗಿಲಿನಿಂದ ತಂಪು ಗಾಳಿ ಒಳಗೆ, ಮೇಲೆ ಕಿಂಡಿಯಿಂದ ಬಿಸಿ ಗಾಳಿ ಹೊರಗೆ. ಮಳೆ ಬಂದರೆ ಯಾರಾದರೂ ಮ್ಯಾಳಿಗಿ ಏರಿ ಮುಚ್ಚಿ ಬರುತ್ತಿದ್ದರು. ಮಳೆ ನಿಂತರೆ ಮತ್ತೆ ತೆರೆಯುತ್ತಿದ್ದರು.

ಹಗೇವಿನ ಮಾತೂ ಅಷ್ಟೇ. ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿಟ್ಟ ಕಾಲದಲ್ಲಿ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು ಎಂಬ ಕಟ್ಟಳೆ ಇತ್ತು. ಮುಚ್ಚಿದ ಜಾಗದ ಗಾಳಿ ಜೀವ ತೆಗೆಯಬಲ್ಲದೆಂದು ಹಿರಿಯರಿಗೆ ತಿಳಿದಿತ್ತು. ಮೊಮ್ಮಕ್ಕಳು ಪ್ಲಾಸ್ಟಿಕ್ ಮನೆ ಕಟ್ಟುವಾಗ ಬೆಳಕಿಂಡಿಯನ್ನೇ ಮರೆತರು.

ಬಿಸಿ ಒಂದೇ ಶತ್ರು ಅಲ್ಲ

"ಬಿಸಿಲಿಲ್ಲದ ದಿನ ಮುಚ್ಚಿದ್ರ ಏನ್ ಆಗ್ತದ?" ಎಂದು ಕೇಳಬಹುದು. ಆಗ ಇನ್ನೊಂದು ಕಾಟ ಶುರುವಾಗುತ್ತದೆ. ಅದು ತೇವ.

ಗಿಡ ದಿನವಿಡೀ ಎಲೆಯಿಂದ ನೀರಿನ ಆವಿ ಬಿಡುತ್ತದೆ. ಮುಚ್ಚಿದ ಸುರಂಗದಲ್ಲಿ ಆ ಆವಿ ಅಲ್ಲೇ ಕೂಡುತ್ತದೆ. ಸಂಜೆ ಹಾಳೆ ತಣ್ಣಗಾದಾಗ ಹನಿಯಾಗಿ ಒಳಮೈಗೆ ಅಂಟುತ್ತದೆ, ರಾತ್ರಿಯೆಲ್ಲ ಎಲೆಯ ಮೇಲೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಒಳಗೆ ಹೋದವರ ತಲೆಯ ಮೇಲೆ ಹನಿ ಬಿದ್ದರೆ ಅದೇ ಎಚ್ಚರಿಕೆಯ ಗಂಟೆ. ಎಲೆ ತಾಸುಗಟ್ಟಲೆ ಒದ್ದೆ ಇದ್ದರೆ ಬೂಷ್ಟು ರೋಗಗಳಿಗೆ ಹಬ್ಬ. ಎಳೆ ಅಗಿಯಾದರೆ ಬುಡ ಕೊಳೆತು ಸಾಲುಸಾಲಾಗಿ ಬೀಳುತ್ತದೆ. ಸಂಜೆ ನೀರು ಹಾಕುವ ರೂಢಿ ಇದ್ದರಂತೂ ರೋಗವನ್ನು ಕೈಯಾರೆ ಕರೆದಂತೆ. ಸುರಂಗದೊಳಗೆ ನೀರು ಬೆಳಿಗ್ಗೆಯೇ ಹಾಕಬೇಕು. ಸಂಜೆಗೆ ಎಲೆ ಒಣಗಿರಬೇಕು.

ಹೂವಿನ ಕಥೆ ಮತ್ತೊಂದು. ಟೊಮೆಟೊ ಗಿಡಕ್ಕೆ ಹಗಲು 35 ಡಿಗ್ರಿ ದಾಟಿದರೆ ಪರಾಗದ ಕಸುವು ಕುಗ್ಗುತ್ತದೆ, ಹೂವು ಉದುರುತ್ತದೆ. ದೊಣ್ಣ ಮೆಣಸಿನಕಾಯಿ ಇನ್ನೂ ನಾಜೂಕು. ಅಲ್ಲದೆ ಟೊಮೆಟೊ ಹೂವು ಅಲುಗಾಡಿದರೆ ಮಾತ್ರ ಪರಾಗ ಚೆನ್ನಾಗಿ ಉದುರುತ್ತದೆ. ಹೊರಗೆ ಆ ಕೆಲಸ ಗಾಳಿ, ಜೇನು ಮಾಡುತ್ತವೆ. ಗಾಳಿ ಆಡದ ಸುರಂಗದಲ್ಲಿ ಗಿಡ ಹಸಿರಾಗಿ ಆಳೆತ್ತರ ಬೆಳೆದಿರುತ್ತದೆ, ಕಾಯಿ ಮಾತ್ರ ಇರುವುದಿಲ್ಲ.

ಗಿಡಕ್ಕೆ ಊಟವೂ ಗಾಳಿಯಿಂದಲೇ. ಬಿಸಿಲಿನಲ್ಲಿ ಅದು ಗಾಳಿಯೊಳಗಿನ ಇಂಗಾಲದ ಅನಿಲ ತಿಂದು ಬೆಳೆಯುತ್ತದೆ. ಬಾಗಿಲು ಮುಚ್ಚಿದರೆ ಒಳಗಿನ ದಾಸ್ತಾನು ಬಹಳ ಬೇಗ ತೆಳ್ಳಗಾಗುತ್ತದೆ. ಗೊಬ್ಬರ ಎಷ್ಟು ಸುರಿದರೂ ಹಸಿದ ಗಿಡ ಹಸಿದೇ ಇರುತ್ತದೆ.

ಕಿಂಡಿಯ ಗಣಿತ

ಹಾಗಾದರೆ ಎಷ್ಟು ತೆರೆಯಬೇಕು? ತಿಳಿದವರ ಲೆಕ್ಕದಲ್ಲಿ ಒಟ್ಟು ಕಿಂಡಿಯ ಅಳತೆ ನೆಲದ ಅಳತೆಯ ಶೇಕಡಾ 15ರಿಂದ 30 ಇರಬೇಕು. ಬಯಲುಸೀಮೆಯ ಬಿಸಿಲಿಗೆ 30 ಎಂಬುದನ್ನೇ ಕನಿಷ್ಠ ಎಂದು ಹಿಡಿಯುವುದು ಜಾಣತನ.

ನಮ್ಮ ಗೃಹಸ್ಥನ 200 ಚದರ ಅಡಿಯ ಸುರಂಗಕ್ಕೆ ಹಾಗಾದರೆ 60 ಚದರ ಅಡಿ ಬೇಕು. ಅವನು ಇಟ್ಟದ್ದು ಮೂರು ಅಡಿ ಅಗಲ, ಆರು ಅಡಿ ಎತ್ತರದ ಒಂದು ಬಾಗಿಲು. ಬರೀ 18 ಚದರ ಅಡಿ. ಅದೂ ಒಂದೇ ಬದಿ. ಬಾಗಿಲು ದಿನವಿಡೀ ತೆರೆದಿಟ್ಟರೂ ಸಾಲದು!

ಬದಲಿಗೆ ಎರಡೂ ಉದ್ದದ ಬದಿಗಳಲ್ಲಿ ಕೆಳಗೆ ಒಂದಡಿ ಬಿಟ್ಟು, ಅದರ ಮೇಲೆ ಮೂರು ಅಡಿ ಹಾಳೆಯನ್ನು ಪೈಪಿಗೆ ಸುತ್ತಿ ಮೇಲಕ್ಕೆ ಎತ್ತುವಂತೆ ಮಾಡಿದರೆ? ಇಪ್ಪತ್ತು ಅಡಿಗೆ ಮೂರು ಅಡಿ, ಒಂದು ಬದಿಗೆ 60. ಎರಡು ಬದಿಗೆ 120 ಚದರ ಅಡಿ. ಅಲ್ಲಿ ಹುಳ ಬಾರದಂತೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕಾಗುತ್ತದೆ. ಬಿಳಿ ನೊಣ ತಡೆಯುವ 40, 50 ಮೆಷ್ ಬಲೆಯ ದಾರವೇ ಅರ್ಧ ಜಾಗ ತಿನ್ನುತ್ತದೆ ಎಂದು ಹಿಡಿಯಿರಿ. ಉಳಿದದ್ದು 60. ಲೆಕ್ಕ ಸರಿ ಹೋಯಿತು. ಬಲೆ ಕಟ್ಟುವವರು ಕಿಂಡಿಯನ್ನು ದುಪ್ಪಟ್ಟು ಇಡಬೇಕು ಎಂಬುದು ಇದರಿಂದ ತಿಳಿಯುವ ಪಾಠ.

ಬಲೆಗೆ ಇನ್ನೊಂದು ರೋಗವಿದೆ. ಧೂಳು. ಎರೆಮಣ್ಣಿನ ಸೀಮೆ, ಬೇಸಿಗೆಯ ಸುಂಟರಗಾಳಿ. ಎರಡೇ ತಿಂಗಳಲ್ಲಿ ಬಲೆಯ ಕಣ್ಣು ಮುಚ್ಚಿ ಹೋಗುತ್ತದೆ. ಹೊರಗಿನಿಂದ ನೋಡಿದರೆ ಕಿಂಡಿ ತೆರೆದಿದೆ, ಒಳಗೆ ಉಸಿರು ಕಟ್ಟಿದೆ. ತಿಂಗಳಿಗೊಮ್ಮೆ ಒಳಗಿನಿಂದ ಹೊರಗೆ ನೀರು ಹೊಡೆದು ತೊಳೆದರೆ ಸಾಕು. ಯಾರೂ ತೊಳೆಯುವುದಿಲ್ಲ ಅಷ್ಟೇ.

ಇನ್ನು ಬೆಳಕಿಂಡಿ. ಸಣ್ಣ ಸುರಂಗದ ನೆತ್ತಿಗೆ ಕಿಂಡಿ ಕೊರೆಯುವುದು ತ್ರಾಸು, ಮಳೆ ಸೋರುತ್ತದೆ. ಅದಕ್ಕೆ ಸುಲಭ ದಾರಿ, ಮುಂದಿನ ಹಿಂದಿನ ಎರಡೂ ಗೋಡೆಗಳ ತುದಿಯಲ್ಲಿ, ಕಮಾನಿನ ಕೆಳಗೆ, ಬಲೆ ಕಟ್ಟಿದ ಕಿಟಕಿ ಬಿಡುವುದು. ಮೇಲೆ ಕೂಡಿದ ಧಗೆ ಅಲ್ಲಿಂದ ಹೊರಡುತ್ತದೆ. ಸುರಂಗ ಎಷ್ಟು ಎತ್ತರವೋ ಅಷ್ಟು ಒಳಿತು. ತಲೆ ಬಗ್ಗಿಸಿ ಹೋಗುವ ಸುರಂಗ ಒಂದೆರಡು ತಾಸಿನಲ್ಲೇ ಕಾಯ್ದು ಕೆಂಡವಾಗುತ್ತದೆ. ಎಂಟೊಂಬತ್ತು ಅಡಿ ಇದ್ದದ್ದು ನಿಧಾನಕ್ಕೆ ಕಾಯುತ್ತದೆ.

ದೊಡ್ಡ ಪಾಲಿಹೌಸ್ ಕಟ್ಟುವವರು ನೆತ್ತಿಯ ಕಿಂಡಿಯನ್ನು ಗಾಳಿ ಬೀಸುವ ದಿಕ್ಕಿಗೆ ಮುಖ ಮಾಡಿ ಇಡಬಾರದು. ಮುಂಗಾರಿನಲ್ಲಿ ಗಾಳಿ ಪಡುವಣದಿಂದ. ಆದ್ದರಿಂದ ಕಿಂಡಿಯ ಬಾಯಿ ಮೂಡಣಕ್ಕೆ. ಆಗ ಮೇಲೆ ಹಾಯ್ದು ಹೋಗುವ ಗಾಳಿಯೇ ಒಳಗಿನ ಬಿಸಿಯನ್ನು ಹೀರಿ ಎಳೆಯುತ್ತದೆ, ಮಳೆಯೂ ಒಳಗೆ ಎರಚುವುದಿಲ್ಲ.

"ಹಾರಿ ಹೋಗ್ತದ್ರೀ!"

ಇಷ್ಟು ಹೇಳಿದರೆ ಬರುವ ಮೊದಲ ತಕರಾರು ಇದೇ. "ಎಲ್ಲಮ್ಮನ ಗುಡ್ಡದ ಗಾಳಿ ನಿಮಗ ಗೊತ್ತಿಲ್ಲ. ತೆರೆದಿಟ್ರ ಹಾಳಿ ಹಾರಿ ಹೋಗ್ತದ."

ಅಂಜಿಕೆ ಸುಳ್ಳಲ್ಲ. ಏಪ್ರಿಲ್, ಮೇ ತಿಂಗಳ ಅವಕಾಳಿ ಮಳೆಯ ಮುಂದೆ ಬರುವ ಗಾಳಿ ತಗಡನ್ನೇ ಕಿತ್ತು ಒಯ್ಯುತ್ತದೆ. ಆದರೆ ಹಾಳೆ ಹಾರುವುದು ಯಾವಾಗ? ಒಂದೇ ಬದಿ ತೆರೆದು ಇನ್ನೊಂದು ಬದಿ ಮುಚ್ಚಿದ್ದಾಗ. ಒಳಗೆ ಹೊಕ್ಕ ಗಾಳಿಗೆ ಹೊರ ಹೋಗುವ ದಾರಿ ಇಲ್ಲದೆ ಸುರಂಗ ಬುಗ್ಗೆಯಂತೆ ಉಬ್ಬುತ್ತದೆ, ಹರಿಯುತ್ತದೆ. ಎರಡೂ ಬದಿ ತೆರೆದಿದ್ದರೆ ಗಾಳಿ ಹಾಯ್ದು ಹೋಗುತ್ತದೆ. ಮೋಡ ಕಟ್ಟಿದಾಗ ಮುಚ್ಚುವುದಾದರೆ ಗಾಳಿ ಬರುವ ಬದಿಯನ್ನು ಮೊದಲು ಮುಚ್ಚಬೇಕು. ಆಮೇಲೆ ಇನ್ನೊಂದು.

ಕೆಳಗಿನ ಒಂದಡಿ ಹಾಳೆಯನ್ನು ಮಣ್ಣಿನಲ್ಲಿ ಹೂಳಬೇಕು. ಹಾಳೆಯ ಮೇಲೆ ಅಡ್ಡಡ್ಡ ಹಗ್ಗ ಎಳೆದು ಕಟ್ಟಬೇಕು. ಪಡುವಣದ ಬದಿಗೆ ತುಸು ದೂರದಲ್ಲಿ ಚೊಗಚಿ ಗಿಡದ ಸಾಲು ಹಾಕಿದರೆ ಗಾಳಿಯ ರಭಸ ಮುರಿಯುತ್ತದೆ. ತೀರ ಹತ್ತಿರ ಹಾಕಿದರೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ.

ಹಿಡಿಕೆ ಯಾರ ಕೈಗೆ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಗೃಹಸ್ಥ ಬೆಳಗಿನ ಬಸ್ಸಿಗೆ ಹೋದ. ಅಂಗಡಿಕಾರ ಗಲ್ಲಾಪೆಟ್ಟಿಗೆ ಮುಂದೆ ಕೂತ. ಹಾಗಾದರೆ ಒಂಬತ್ತಕ್ಕೆ ಹಾಳೆ ಎತ್ತುವವರು ಯಾರು? ಮಳೆ ಬಂದರೆ ಇಳಿಸುವವರು ಯಾರು?

ಮನೆಯಲ್ಲಿರುವ ಹೆಣ್ಣುಮಗಳು. ಇಲ್ಲವೇ ವಯಸ್ಸಾದ ಅವ್ವ.

ಸುರಂಗ ಕಟ್ಟಿಸುವಾಗ ಮಾತುಕತೆ ಯಜಮಾನನ ಜೊತೆ. ಅಳತೆ ಅವನದು, ಹಿಡಿಕೆಯ ಎತ್ತರವೂ ಅವನದು. ಆರಡಿ ಎತ್ತರದಲ್ಲಿ ಹಗ್ಗ ಕಟ್ಟಿ, ಗಂಟು ಬಿಚ್ಚಲು ಸ್ಟೂಲು ಹಾಕಿ ಏರಬೇಕು ಎಂದರೆ ಅವ್ವ ಏರುತ್ತಾಳೆಯೇ? ಒಂದು ದಿನ ಏರುತ್ತಾಳೆ, ಎರಡನೇ ದಿನ "ಇರ್ಲಿ ಬಿಡು" ಅನ್ನುತ್ತಾಳೆ. ಮೂರನೇ ದಿನ ಅಗಿ ಬೇಯುತ್ತದೆ. ಬೈಗಳು ಮಾತ್ರ ಅವಳಿಗೇ. ಹಾಳೆ ಎತ್ತುವ ಹಿಡಿಕೆ ಎದೆಯ ಮಟ್ಟದಲ್ಲಿರಬೇಕು. ಒಂದು ಕೈಯಲ್ಲಿ ತಿರುಗಬೇಕು. ಕಟ್ಟುವ ಮುಂಚೆ ಅದನ್ನು ತಿರುಗಿಸುವವರನ್ನೇ ಕೇಳಬೇಕು. ಖರ್ಚು ಇಲ್ಲದ ಕೆಲಸ ಇದು.

ಜೀವದ ಮಾತೂ ಇದೆ. ತೇವ ತುಂಬಿದ ಬಿಸಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನಡುಹಗಲಲ್ಲಿ ಮುಚ್ಚಿದ ಸುರಂಗದಲ್ಲಿ ಕೂತು ಕಳೆ ಕೀಳುವವರಿಗೆ ತಲೆ ತಿರುಗುವುದು ಸೋಗಲ್ಲ, ಅಪಾಯದ ಸೂಚನೆ. ಅದರಲ್ಲೂ ಔಷಧ ಹೊಡೆದ ಸುರಂಗದೊಳಗೆ ಕೂಡಲೇ ಹೋಗುವುದೆಂದರೆ ಹಗೇವಿಗೆ ದೀಪವಿಲ್ಲದೆ ಇಳಿದಂತೆ. ಹೊರಗೆ ಹೊಡೆದ ವಿಷ ಗಾಳಿಗೆ ಚದುರುತ್ತದೆ, ಒಳಗೆ ಹೊಡೆದದ್ದು ಅಲ್ಲೇ ನಿಲ್ಲುತ್ತದೆ. ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ಹೊತ್ತು ಕಾಯ್ದು, ಎಲ್ಲ ಕಿಂಡಿ ತೆರೆದು, ಗಾಳಿ ಆಡಿದ ಮೇಲೆಯೇ ಒಳಗೆ ಹೋಗಬೇಕು. ಕೂಲಿಯವರಿಗೂ ಅದನ್ನು ಹೇಳಬೇಕು.

ವರ್ಷದ ಟೈಂಟೇಬಲ್

ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುವವರಿಗೂ ದಾರಿ ಇದೆ. ದಿನಾ ತೆರೆದು ಮುಚ್ಚುವ ಗೊಡವೆಯನ್ನೇ ಬಿಡುವುದು.

ಮಾರ್ಚ್‌ನಿಂದ ಮೇವರೆಗೆ ಎರಡೂ ಬದಿಯ ಹಾಳೆ ಹಗಲು ರಾತ್ರಿ ಎತ್ತಿಯೇ ಇರಲಿ. ಬಲೆ ಮಾತ್ರ ಸಾಕು. ಸುರಂಗದ ಮೇಲೆ, ಹಾಳೆಗೆ ತಾಗದಂತೆ ಒಂದಡಿ ಎತ್ತರದಲ್ಲಿ ಅರ್ಧ ನೆರಳಿನ ಶೇಡ್ ನೆಟ್ ಕಟ್ಟಬೇಕು. ನೆರಳು ಒಳಗೆ ಕಟ್ಟಿದರೆ ಬಿಸಿ ಆಗಲೇ ಒಳಗೆ ಬಂದಾಯಿತು. ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿದರೆ ತಂಪಾಗುತ್ತದೆ. ಆದರೆ ಕಿಂಡಿ ತೆರೆದಿದ್ದರೆ ಮಾತ್ರ. ಮುಚ್ಚಿ ಚಿಮುಕಿಸಿದರೆ ಇಡ್ಲಿ ಪಾತ್ರೆ!

ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣದ ಬದಿ ಅರ್ಧ ಇಳಿಸಿ ಮೂಡಣದ ಬದಿ ತೆರೆದಿಡಬೇಕು. ಮಳೆಗಾಲದಲ್ಲಿ ಬಿಸಿಗಿಂತ ತೇವವೇ ವೈರಿ. "ಮಳಿ ಅದ" ಎಂದು ಪೂರ್ತಿ ಮುಚ್ಚಿದವರ ಅಗಿಯೇ ಮೊದಲು ಕೊಳೆಯುತ್ತದೆ.

ನವೆಂಬರ್‌ನಿಂದ ಫೆಬ್ರುವರಿ ತನಕ ಬೆಳಿಗ್ಗೆ ಬಿಸಿಲೇರಿದ ಕೂಡಲೇ ಎತ್ತಿ, ಹೊತ್ತು ಮುಳುಗುವ ಮುಂಚೆ ಇಳಿಸಬಹುದು. ಎತ್ತಲು ಜನ ಇಲ್ಲದಿದ್ದರೆ ಚಳಿಗಾಲದಲ್ಲೂ ಗೇಣಷ್ಟು ತೆರೆದೇ ಹೋಗುವುದು ಲೇಸು. ಒಂದು ರಾತ್ರಿಯ ತಂಪಿಗೆ ಅಗಿ ಸಾಯುವುದಿಲ್ಲ, ಒಂದು ಮಧ್ಯಾಹ್ನದ ಬಿಸಿಗೆ ಸಾಯುತ್ತದೆ.

ಕೊನೆಗೆ ಒಂದು ಉಷ್ಣಮಾಪಕ. ಗಿಡದ ಎತ್ತರಕ್ಕೆ, ನೇರ ಬಿಸಿಲು ತಾಗದಂತೆ ತೂಗು ಹಾಕಬೇಕು. ದಿನದ ಹೆಚ್ಚಿನ ಬಿಸಿ ಗುರುತು ಮಾಡಿಡುವ ಮಾಪಕ ಸಿಕ್ಕರೆ ಇನ್ನೂ ಒಳ್ಳೆಯದು. ಸಂಜೆ ಬಸ್ಸಿಳಿದು ಬಂದವನಿಗೆ ಮಧ್ಯಾಹ್ನ ಏನಾಯಿತೆಂದು ಅದು ಹೇಳುತ್ತದೆ. ಬಾಡಿದ ಎಲೆ ಹೇಳುವ ತನಕ ಕಾಯಬೇಕಾಗಿಲ್ಲ.

ಫ್ಯಾನ್ ಹಾಕಿದರೆ?

ಫ್ಯಾನು, ಮಂಜು ಚಿಮ್ಮಿಸುವ ಯಂತ್ರ ಎಲ್ಲ ಬಂದಿವೆ. ಹಾಕುವ ಶಕ್ತಿ ಇದ್ದವರು ಹಾಕಲಿ. ಆದರೆ ಹೊಲದ ತ್ರೀಫೇಸ್ ಕರೆಂಟು ಹಗಲೆಲ್ಲ ಇರುವಂಥದಲ್ಲ. ಫ್ಯಾನನ್ನೇ ನಂಬಿ ಕಿಂಡಿ ಇಡದೆ ಕಟ್ಟಿದ ಮನೆಯಲ್ಲಿ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋದರೆ ಮೂರಕ್ಕೆ ಬೆಳೆ ಹೋದಂತೆ. ಬೆಳಕಿಂಡಿಗೆ ಬಿಲ್ಲು ಬರುವುದಿಲ್ಲ, ಅದು ಕೆಡುವುದೂ ಇಲ್ಲ.

ರಾಜ್ಯ ಸರ್ಕಾರ 2014ರಲ್ಲಿ ಕೃಷಿ ಭಾಗ್ಯ ಯೋಜನೆ ತಂದಾಗ ಕೃಷಿ ಹೊಂಡದ ಜೊತೆಗೆ ಪಾಲಿಹೌಸಿಗೂ ಸಹಾಯಧನದ ಅವಕಾಶ ಇಟ್ಟಿತ್ತು. ಅಂದಿನಿಂದ ಈ ಪದ ಹಳ್ಳಿಯ ಕಟ್ಟೆಯ ಮಾತಾಯಿತು. ಸಹಾಯಧನ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಕಿಂಡಿ ಎಷ್ಟು ಎಂದು ಕೇಳುವವರು ಕಡಿಮೆ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಗೋಕಾಕ ಕಡೆ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಹೆಸರಿನ ತೋಟಗಾರಿಕೆ ಕಾಲೇಜೇ ಇದೆ. ಪೈಪು ಬಗ್ಗಿಸುವ ಮುಂಚೆ ಅಲ್ಲಿ ಒಂದು ಮಾತು ಕೇಳಿ ಬಂದರೆ ಬಸ್ ಚಾರ್ಜು ದಂಡವಾಗುವುದಿಲ್ಲ.

ಹಾಳೆ ಮಾರುವ ಅಂಗಡಿಕಾರರಿಗೂ ಇಲ್ಲಿ ಒಂದು ಪಾತ್ರವಿದೆ. ಮೀಟರಿನ ಲೆಕ್ಕದಲ್ಲಿ ಹಾಳೆ ಕತ್ತರಿಸಿ ಕೊಡುವಾಗ "ಬದಿಗೆ ಬಲಿ ತಗೊಂಡ್ರಿ ಏನು?" ಎಂದು ಒಂದು ಮಾತು ಕೇಳಿದರೆ ವ್ಯಾಪಾರಕ್ಕೆ ವ್ಯಾಪಾರವೂ ಆಯಿತು, ಗಿರಾಕಿಯ ಬೆಳೆಯೂ ಉಳಿಯಿತು. ಬೆಳೆ ಉಳಿದ ಗಿರಾಕಿ ಮತ್ತೆ ಅಂಗಡಿಗೆ ಬರುತ್ತಾನೆ. ಬೆಳೆ ಬೆಂದವನು ಜಗಳಕ್ಕೆ ಬರುತ್ತಾನೆ.

ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣದಲ್ಲಿ ಹುಟ್ಟಿದ್ದು. ತೂರುವವನಿಗೆ ಗಾಳಿ ತಾನಾಗಿ ಬರುತ್ತದೆ, ಕಣಕ್ಕೆ ಗೋಡೆ ಇಲ್ಲ. ಹಿತ್ತಲದ ಪ್ಲಾಸ್ಟಿಕ್ ಮನೆಗೆ ಗೋಡೆ ಇದೆ. ಅಲ್ಲಿ ಗಾಳಿ ಬರಬೇಕಾದರೆ ಯಾರಾದರೂ ಕಿಂಡಿ ಬಿಡಬೇಕು.

ನಾಳೆ ಬೆಳಿಗ್ಗೆ ಬಸ್ಸು ಹತ್ತಿ ಮೊದಲು ಕಿಟಕಿ ಸರಿಸುವವರು, ಮನೆ ಬಿಡುವ ಮುಂಚೆ ಹಿತ್ತಲಿಗೂ ಒಮ್ಮೆ ಹೋಗಿ ಬರಲಿ. ಆ ಕಡೆಯದನ್ನೂ ತೆಗೆಯಲಿ.